ಐರ್ಲೆಂಡಿನ ಪಬ್ಬಿನಲ್ಲಿ ನಮ್ಮ ಹಾಡು

"ಈಗ ನೀನು ಹಾಡು ಮಾರಾಯ್ತಿ!" ಮೊಬೈಲ್ ಪರದೆಯೊಳಗಿಂದ ವಿಲ್ಸನ್ ಕೂಗಿದ. ಮಣಿಪಾಲದಲ್ಲಿ ಓದುವಾಗ ನಮ್ಮ ರಾಕ್ ಬ್ಯಾಂಡಿಗೆ ಅವನು ಡ್ರಮ್ಸ್ ನುಡಿಸುತ್ತಿದ್ದ, ನಾನು ಹಾಡುತ್ತಿದ್ದೆ. ಈಗ ಐರ್ಲೆಂಡಿನಲ್ಲಿ ನರ್ಸ್ ಆಗಿರುವ ಅವನು ಅಲ್ಲಿನ ಹುಡುಗ ಹುಡುಗಿಯರ ಹೊಸ ಬ್ಯಾಂಡ್ ಸೇರಿದ್ದಾನೆ. ಸಣ್ಣ ಪಬ್ಬೊಂದರಲ್ಲಿ ಅವರು ನುಡಿಸುತ್ತಿದ್ದುದು ನಾವಿಬ್ಬರೂ ಸೇರಿ ಕಟ್ಟಿದ ಕೊಂಕಣಿ ಹಾಡು! ಈಗ ವಾದ್ಯಗಳನ್ನೆಲ್ಲ ನಿಲ್ಲಿಸಿ, ಫೋನನ್ನು ಮೈಕಿಗೆ ಹಿಡಿದು ನನಗಾಗಿ ಕಾಯುತ್ತಿದ್ದರು.

ಕಲ್ಯಾಣಪುರದ ಮನೆಯಲ್ಲಿ ಮೀನು ತೊಳೆಯುತ್ತಿದ್ದ ನಾನು ಒದ್ದೆ ಕೈಯಲ್ಲೇ ಹಾಡಿದೆ. ಮದುವೆಯಾದ ಮೇಲೆ ಹಾಡಿಯೇ ಇರಲಿಲ್ಲ. ಮೇಲಿನ ಸ್ವರದಲ್ಲಿ ಗಂಟಲು ಒಡೆಯಿತು. ಆದರೂ ಚಪ್ಪಾಳೆ ಕೇಳಿಸಿತು.

"ಸ್ವರ ಹಾಗೇ ಉಂಟಲ್ವಾ ನಿನ್ನದು!" ಎಂದ ವಿಲ್ಸನ್. ಅಷ್ಟರಲ್ಲಿ ಕರೆ ಕಡಿದುಹೋಯಿತು.

ಈಗ ಮನೆಯಲ್ಲಿ ಯಾರೂ ಇಲ್ಲದಾಗ ಗಟ್ಟಿಯಾಗಿ ಹಾಡುತ್ತೇನೆ. ಪಲ್ಲವಿ ಮುಗಿದ ಕೂಡಲೇ ಡ್ರಮ್ಸಿಗಾಗಿ ಕಿವಿ ಕಾಯುತ್ತದೆ.