ಎರಡು ಮನೆಯ ಅವರೆ

ತಮಿಳುನಾಡಿನ ಪಲ್ಲಡದ ಅಂಚಿನ ಈ ಬಾಡಿಗೆ ಮನೆಗೆ ಬರುವಾಗ ಸಾಮಾನಿನ ಜೊತೆ ಒಂದು ಬಾಟಲಿ ಸೊಗಡವರೆ ಬೀಜ ತಂದಿದ್ದೆ. ಹಾಸನದ ಕಡೆಯ ನಮ್ಮಮ್ಮನ ಹಿತ್ತಲಿನವು. ಅಮ್ಮ ಆ ಮನೆ ಬಿಟ್ಟು ನನ್ನ ತಂಗಿಯ ಜೊತೆ ಮೂರನೇ ಮಹಡಿಯ ಫ್ಲ್ಯಾಟಿಗೆ ಹೋದಾಗ, "ಇರೋದೇ ಇಷ್ಟು, ಆಮೇಲೆ ಕೇಳ್ಬೇಡ" ಎಂದು ಕೊಟ್ಟಿದ್ದಳು.

ಜೂನ್ ಬಂತು. ಮೃಗಶಿರೆ ಮಳೆ ಹುಟ್ಟಿತೆಂದರೆ ನಮ್ಮಲ್ಲಿ ಬೀಜ ಊರಬೇಕು. ಇಲ್ಲೂ ಮೋಡ ಕಟ್ಟಿತ್ತು. ಅರ್ಧಕ್ಕಿಂತ ಹೆಚ್ಚು ಊರಿಯೇ ಬಿಟ್ಟೆ. ಮಳೆ ಬರಲಿಲ್ಲ, ಬಂದದ್ದು ಗಾಳಿ. ಪಾಲಕ್ಕಾಡಿನ ಕಡೆಯಿಂದ ತಿಂಗಳುಗಟ್ಟಲೆ ಬೀಸಿ ಬಳ್ಳಿಗಳನ್ನೆಲ್ಲ ಹಿಂಡಿ ಹಾಕಿತು. ಒಂದು ಹೂವೂ ಕಾಣಲಿಲ್ಲ.

ಉಳಿದ ಬೀಜವನ್ನಾದರೂ ಊರೋಣವೆಂದು ಗುದ್ದಲಿ ಹಿಡಿದಿದ್ದಾಗ ಪಕ್ಕದ ಮನೆಯ ಅಕ್ಕ ಕಾಂಪೌಂಡಿನಾಚೆಯಿಂದ ನಕ್ಕರು. ತಲೆತಲಾಂತರದಿಂದ ಇಲ್ಲಿರುವ ಕನ್ನಡದ ಒಕ್ಕಲು ಮನೆಯವರು. ಮಾತು ಕನ್ನಡ, ರಾಗ ತಮಿಳು; ನನ್ನನ್ನು ಮುದ್ದಿಗೆ 'ಕಣ್ಣು' ಅನ್ನುವವರು, ಗಾಳಿಗೆ 'ಕಾತ್ತು'.

"ಏನ್ ಕಣ್ಣು, ಆಡಿ ಕಾತ್ತಲ್ಲಿ ಅವರೆ ಊರ್ತೀಯಾ? ಕಾತ್ತು ತಿನ್ಕೊಂಡು ಹೋಗಲ್ವಾ?"

"ನಮ್ಮೂರಲ್ಲಿ ಇದೇ ಹೊತ್ತು, ಅಕ್ಕಾ."

"ನಿಮ್ಮೂರಿನ ಮಳೆ ಬಸ್ ಹತ್ತಿ ಇಲ್ಲಿಗೆ ಬರುತ್ತಾ? ನಮ್ಮ ಮಳೆ ಐಪ್ಪಸೀಲಿ. ಅಲ್ಲೀವರ್ಗೂ ಸುಮ್ನೆ ಕೂತ್ಕೋ."

ಆಡಿ ಜುಲೈ ನಡುವೆ ಹುಟ್ಟುವ ತಮಿಳು ತಿಂಗಳು, ಐಪ್ಪಸಿ ಅಕ್ಟೋಬರಿನ ನಡುವೆ ಹುಟ್ಟುವುದು. ಹಾಗೆ ಹೇಳಿ ಅವರು ಕೈ ಚಾಚಿ ಬಾಟಲಿ ಕೇಳಿದರು. ಅರ್ಧ ಬೀಜವನ್ನು ಸೆರಗಿಗೆ ಸುರಿದುಕೊಂಡು ಒಳಗೆ ಹೋದರು. ನಾನು ಉಳಿದದ್ದನ್ನು ಐಪ್ಪಸಿಗೆಂದು ಎತ್ತಿಟ್ಟೆ. ಸಾರಿಗೆ ಹಾಕಿಬಿಟ್ಟರೆ ಎಂಬ ಅನುಮಾನ ಮಾತ್ರ ಎರಡು ತಿಂಗಳು ಕಾಡಿತು.

ಐಪ್ಪಸಿಗೆ ಹಿಂದಿನ ತಿಂಗಳಾದ ಪುರಟ್ಟಾಸಿಯ ಕೊನೆಗೆ ಗಾಳಿ ನಿಂತಿತು. ಅಕ್ಕ ತಮ್ಮ ಹಸುಗಳ ಹಳೇ ಗೊಬ್ಬರ ಎರಡು ಮಂಕರಿ ಕೊಟ್ಟರು. ಕೊತ್ತಂಬರಿ ಬೀಜವನ್ನು ಗೋಣಿಯ ಮೇಲೆ ಹರಡಿ, ಎರಡು ಹೋಳಾಗುವ ಹಾಗೆ ಅಂಗೈಯಲ್ಲಿ ಉಜ್ಜುವುದನ್ನು ತೋರಿಸಿದರು. ಮೆಂತ್ಯವನ್ನು ಹಿಂದಿನ ದಿನ ನೆನೆಸಿ ಚೆಲ್ಲಿದೆ, ಬದನೆ ಸಸಿಗಳನ್ನು ಸಂಜೆ ಬಿಸಿಲು ಇಳಿದ ಮೇಲೆ ನೆಟ್ಟೆ. ಸೊಂಟ ನೋಯುವಂಥ ಕೆಲಸ ಯಾವುದೂ ಅಲ್ಲ. ಅವರೆಗೆ ಮಾತ್ರ ಅಕ್ಕ ಮಣ್ಣು ಏರಿಸಿ ದಿಬ್ಬ ಮಾಡಲು ಹೇಳಿದ್ದರು. ನಾನು ನಮ್ಮೂರಿನ ರೂಢಿಯಂತೆ ನೀರು ನಿಲ್ಲುವ ಪಾತಿ ಮಾಡಿ ಉಳಿದ ಬೀಜವನ್ನೆಲ್ಲ ಊರಿದೆ. ಮೊದಲ ಬಳ್ಳಿಗಳು ಗಾಳಿಯಲ್ಲಿ ಒಣಗಿದ್ದೇ ಕಣ್ಣ ಮುಂದಿತ್ತು.

ಎಲ್ಲವೂ ಮೊಳೆತವು. ಆಮೇಲೆ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ನಾಲ್ಕನೇ ಬೆಳಿಗ್ಗೆ ಹೋಗಿ ನೋಡಿದರೆ ಪಾತಿಯ ಕೆಸರಲ್ಲಿ ಅವರೆ ಸಸಿಗಳು ಕೊಳೆತು ಮಲಗಿದ್ದವು. ಬಾಟಲಿ ಆಗಲೇ ಖಾಲಿ.

ಹಾಗೇ ಒದ್ದೆ ಕಾಲಲ್ಲಿ ಅಕ್ಕನ ಮನೆಗೆ ಹೋದೆ. "ಅಕ್ಕಾ, ಆ ಬೀಜ ಇದ್ಯಾ?"

"ಇಲ್ವೇ."

ನನ್ನ ಮುಖ ಏನಾಯಿತೋ, ಅವರಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ತಿಂದಿಲ್ಲ ಬಾ" ಎಂದು ಕೈಹಿಡಿದು ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದರು. ಎತ್ತರದ ಜಾಗದಲ್ಲಿ ಮುಳ್ಳುಬೇಲಿಗೆ ಅವರೆಯ ಎಳೆಬಳ್ಳಿಗಳು ಹಬ್ಬಲು ಶುರುಮಾಡಿದ್ದವು. ನಾನು ಊರಿದ ದಿನವೇ ಅವರೂ ಊರಿದ್ದರಂತೆ.

"ಎಲ್ಲಾ ಬೀಜಾನೂ ಒಂದೇ ಮನೇಲಿ ಇಡೋದು ನಮ್ಮಲ್ಲಿ ಪಳಕ್ಕ ಇಲ್ಲ, ಕಣ್ಣು. ಒಬ್ಬರದ್ದು ಕೆಡುತ್ತೆ, ಇನ್ನೊಬ್ಬರದ್ದು ನಿಲ್ಲುತ್ತೆ."

"ಮುಂಚೇನೇ ಹೇಳೋದಲ್ವಾ?"

"ಹೇಳಿದ್ರೆ ದಿಬ್ಬ ಮಾಡ್ತಿದ್ದೆಯಾ? ದಿಬ್ಬಾನೂ ಹೇಳಿದ್ದೆ."

ಬೇಲಿಗೆ ಎರಡು ಕೋಲು ಆನಿಸಿ ಕೊಟ್ಟು ಬಂದೆ.

ಪೊಂಗಲ್ ಹೊತ್ತಿಗೆ ಬೇಲಿ ತುಂಬ ಕಾಯಿ. ನನಗೆ ಸಾರಿನ ಆಸೆ, ಬೀಜಕ್ಕೆ ಬೇಕೆಂದು ಅಕ್ಕ ಬಿಡಲಿಲ್ಲ. ಮೊದಲು ಬಂದ ಕಾಯಿಗಳೆಲ್ಲ ಬಳ್ಳಿಯಲ್ಲೇ ಒಣಗಿದ ಮೇಲೆ ಮೊರದಲ್ಲಿ ಸುಲಿದು, ಎಣಿಸದೆ, ಕಣ್ಣಂದಾಜಿನಲ್ಲೇ ಎರಡು ಪಾಲು ಮಾಡಿದರು.

"ಮುಂದಿನ ಸಲ ನಂದು ಕೆಟ್ರೆ ನೀನು ಕೊಡ್ಬೇಕು, ತಿಳೀತಾ?"

ಮುಂದಿನ ಐಪ್ಪಸಿಗೂ ನಾನು ಇಲ್ಲೇ ಇರುವವಳೆಂದು ಈ ಊರಲ್ಲಿ ಅಷ್ಟು ಸಲೀಸಾಗಿ ಲೆಕ್ಕ ಹಾಕಿದವರು ಅವರೇ ಮೊದಲು. "ಕೊಡ್ತೀನಿ ಅಕ್ಕಾ" ಎಂದು ನನ್ನ ಪಾಲನ್ನು ಹುಳ ಹಿಡಿಯದಂತೆ ಬೂದಿಯಲ್ಲಿ ಹೊರಳಿಸಲು ಕುಳಿತೆ.