ಕೆಡದ ಏಕಾದಶಿ

ಎಮರ್ಜೆನ್ಸಿ ವಾರ್ಡಿನಲ್ಲಿ ಕಣ್ಣು ಬಿಟ್ಟ ಅಮ್ಮ ಮೊದಲು ದಿಟ್ಟಿಸಿದ್ದು ನನ್ನನ್ನಲ್ಲ, ತಲೆಯ ಮೇಲೆ ತೂಗುತ್ತಿದ್ದ ಗ್ಲೂಕೋಸ್ ಬಾಟಲಿಯನ್ನು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಂಡು, ಏಕಾದಶಿಯೆಂದು ಹನಿ ನೀರೂ ಮುಟ್ಟದೆ ಚೆನ್ನೈನ ಟಿ. ನಗರದ ಮನೆಯಲ್ಲಿ ಕುಸಿದುಬಿದ್ದಿದ್ದಳು.

“ಉಪವಾಸಕ್ಕೆ ಮುಂಚೆ ಓಪಿಡಿಗೆ ಬಂದು ಡಾಕ್ಟರನ್ನ ಒಂದು ಮಾತು ಕೇಳಬಾರದಾ, ಪಾಟ್ಟಿ?” ಎಂದು ನರ್ಸ್ ಅಮ್ಮನನ್ನು ಅಜ್ಜಿಯೆಂದು ಕರೆದು ತಮಿಳಿನಲ್ಲಿ ಗದರಿದಳು.

ಅಮ್ಮ ನನ್ನತ್ತ ತಿರುಗಿ ಪಿಸುಗುಟ್ಟಿದಳು: “ಇದು ನರದಲ್ಲಿ ಹೋಗಿದ್ದು, ಲೆಕ್ಕಕ್ಕಿಲ್ಲ. ಬಾಯಿಗೇನೂ ಹಾಕ್ಲಿಲ್ಲ ತಾನೇ?”

“ಇಲ್ಲಮ್ಮ” ಎಂದೆ. ಆಂಬುಲೆನ್ಸ್ ಬರುವ ಮೊದಲು ಅವಳ ಒಸಡಿಗೆ ಸಕ್ಕರೆ ತಿಕ್ಕಿದ್ದವನು ನಾನೇ.

ಈಗ ಪ್ರತಿ ದಶಮಿಯಂದು ಅವಳನ್ನು ಓಪಿಡಿಗೆ ಎಳೆದೊಯ್ಯುತ್ತೇನೆ. ಆ ಸಕ್ಕರೆಯನ್ನು ದೇವರು ನೋಡಿದ್ದರೆ ನೋಡಿಕೊಳ್ಳಲಿ, ಅವನನ್ನು ಹೇಗೋ ಸಂಭಾಳಿಸಬಹುದು. ಅಮ್ಮನ ಕೈಗೆ ಮಾತ್ರ, ನಾನು ಇದನ್ನೆಲ್ಲ ಬರೆದಿರುವ ಇವತ್ತಿನ ಪೇಪರ್ ಸಿಗಬಾರದು.