ಉಷ್ಣವೆಂದರೆ ಉರಿದು ಬೀಳುವ ಶಶಿಪ್ರಭಾ
ಮಡಂತ್ಯಾರಿನ ಆಶಾ ಕಾರ್ಯಕರ್ತೆ ಶಶಿಪ್ರಭಾಳಿಗೆ ‘ಉಷ್ಣ’ ಎಂಬ ಶಬ್ದ ಕೇಳಿದರೆ ಸಾಕು, ಮೈಯೆಲ್ಲ ಉರಿಯುತ್ತದೆ. ಊರ ಹೆಂಗಸರು ಬಿಳಿ ಸೆರಗು ಹೋದರೂ ತುರಿಸಿದರೂ ಕಿಬ್ಬೊಟ್ಟೆ ನೋವಾದರೂ ಅದೇ ಹೆಸರು ಹೇಳಿ ಎಳನೀರು ಕುಡಿಯುತ್ತಾರೆ. “ಎಂಥ ಉಷ್ಣ ಮಾರಾಯ್ತಿ! ಗಂಡ ಮುಂಬಯಿಯಿಂದ ರಜೆಗೆ ಬಂದಾಗ ಮಾತ್ರ ಬರುವ ಉಷ್ಣವಾ? ತೆಂಗಿನಮರ ಬೋಳಾಯ್ತು, ರೋಗ ಹೋಗ್ಲಿಲ್ಲ!” ಎಂದು ಬೀಡಿ ಕಟ್ಟುವವರ ಜಗಲಿಯಲ್ಲೇ ಗದರುತ್ತಾಳೆ. “ರೋಗ ಇಬ್ಬರಿಗಾದ್ರೆ ಮದ್ದೂ ಇಬ್ಬರಿಗೆ,” ಎನ್ನುವ ಅವಳ ಛತ್ರಿ ದೂರದಲ್ಲಿ ಕಂಡರೂ ರಜೆಗೆ ಬಂದ ಗಂಡಸರಿಗೆ ಹಿತ್ತಿಲಲ್ಲಿ ತುರ್ತು ಕೆಲಸ ನೆನಪಾಗುತ್ತದೆ. ಮೊನ್ನೆ ಇಂಥದೇ ‘ಉಷ್ಣ’ವಾಗಿದ್ದ ನೆರೆಮನೆಯ ಚಿತ್ರಾಕ್ಷಿಯನ್ನು ಮೂಡುಬಿದಿರೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಚೀಟಿ ಬರೆಯುವವನು, “ಎಂಥ ತೊಂದರೆ?” ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದ. ಸಾಲಿನಲ್ಲಿ ಊರಿನವರೇ ನಾಲ್ಕು ಜನ ಇದ್ದರು. ಚಿತ್ರಾಕ್ಷಿ ತಲೆ ತಗ್ಗಿಸಿ ಬಾಗಿಲ ಕಡೆ ತಿರುಗಿದಳು. ಶಶಿಪ್ರಭಾ ಅವಳ ಕೈ ಹಿಡಿದು ನಿಲ್ಲಿಸಿ, “ತೊಂದರೆ ನನಗೆ. ಲೈಂಗಿಕ ರೋಗ. ಇವಳು ನನ್ನ ಜೊತೆಗೆ ಬಂದದ್ದು. ಬರೀರಿ,” ಎಂದಳು. ಗಂಡ ತೀರಿಕೊಂಡು ಹತ್ತು ವರ್ಷವಾದ ಶಶಿಪ್ರಭಾಳನ್ನು ಇಡೀ ಸಾಲೇ ತಿರುಗಿ ನೋಡಿತು. ಒಳಗೆ ಡಾಕ್ಟರ ಮುಂದೆ ಚೀಟಿಯಲ್ಲಿದ್ದ ತನ್ನ ಹೆಸರನ್ನು ಚಿತ್ರಾಕ್ಷಿ ಎಂದು ತಿದ್ದಿಸಿದಳು. ಹೊರಗೆ ಬಂದ ಮೇಲೆ ಯಾರ ಹತ್ತಿರವೂ ಆ ಮಾತನ್ನು ತಿದ್ದಲಿಲ್ಲ.